ನಲವತ್ತೈದು ಸಾವಿರದ ನಿಲ್ದಾಣ

ಕಳೆದ ವಾರ ಮೆಟ್ರೋ ರೈಲಿನಲ್ಲಿ ನನ್ನ ಪಕ್ಕ ನಿಂತಿದ್ದವರ ಅಂಗಿಯ ತೋಳಿನಿಂದ ಕೂಲೆಂಟಿನ ವಾಸನೆ ಬಂತು. ಲೋಹವನ್ನು ಕೊರೆಯುವಾಗ ಕಾವೇರದಿರಲಿ ಎಂದು ಯಂತ್ರದ ಮೇಲೆ ಸುರಿಯುವ ಹಾಲಿನ ಬಣ್ಣದ ದ್ರವ ಅದು. ವಾಸನೆ ಹೇಗಿರುತ್ತದೆ ಎಂದು ಕೇಳಿದರೆ ಹೇಳುವುದು ಕಷ್ಟ. ಹುಳಿ ಮಜ್ಜಿಗೆಗೆ ಒಂದು ಚಮಚ ಸೀಮೆಎಣ್ಣೆ ಬೆರೆಸಿ, ಅದರಲ್ಲಿ ಹಳೆಯ ಬೀಗದ ಕೈಯೊಂದನ್ನು ನಾಲ್ಕು ದಿನ ನೆನೆಹಾಕಿದರೆ ಸುಮಾರಾಗಿ ಹತ್ತಿರ ಬರಬಹುದು. ಯಾರಿಗೂ ಇಷ್ಟವಾಗುವ ವಾಸನೆಯಲ್ಲ. ನಾನು ಮಾತ್ರ ಹೂ ಮಾರುವವಳ ಬುಟ್ಟಿಗೆ ಬಗ್ಗಿದ ಹಾಗೆ ಆ ತೋಳಿನ ಕಡೆಗೆ ಬಗ್ಗಿದೆ. ಆ ಮನುಷ್ಯ ಗಾಬರಿಯಾಗಿ, "ಏನ್ ಸಾರ್, ತಲೆ ಸುತ್ತುತ್ತಾ?" ಎಂದು ನನ್ನ ಭುಜ ಹಿಡಿದುಕೊಂಡರು. ಏನಿಲ್ಲ ಎಂದು ಹೇಳಿ, ಉಳಿದಷ್ಟು ಮರ್ಯಾದೆಯನ್ನು ಉಳಿಸಿಕೊಳ್ಳಲು ಕಿಟಕಿಯ ಕಡೆ ತಿರುಗಿದೆ. ಕೆಳಗೆ ಪೀಣ್ಯದ ತಗಡಿನ ಚಾವಣಿಗಳು ಹಿಂದೆ ಸರಿಯುತ್ತಿದ್ದವು. ನಾನು ಇಳಿಯಬೇಕಾದದ್ದು ಇನ್ನೂ ಮುಂದೆ. ಆದರೆ ಬಾಗಿಲು ತೆರೆದುಕೊಂಡಾಗ ಇಳಿದೇಬಿಟ್ಟೆ. ಏಕೆ ಇಳಿದೆ ಎಂಬುದನ್ನು ಹೇಳಬೇಕಾದರೆ ನಿಮಗೆ ಒಂದು ಅಂತರಿಕ್ಷ ನಿಲ್ದಾಣದ ವಿಷಯ ಹೇಳಬೇಕು.

ಹತ್ತು ವರ್ಷಗಳ ಹಿಂದೆ ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಪೊಲೀಸಿನವನಲ್ಲ. ಯಂತ್ರಗಳಿಂದ ಇಳಿದ ಬಿಡಿಭಾಗಗಳು ಡ್ರಾಯಿಂಗಿನಲ್ಲಿ ಹೇಳಿದ ಅಳತೆಗೆ ಸರಿಯಾಗಿವೆಯೇ ಎಂದು ನೋಡಿ, ಸರಿಯಿದ್ದರೆ ಹಸಿರು ಬಣ್ಣ, ಇಲ್ಲದಿದ್ದರೆ ಕೆಂಪು ಬಣ್ಣ ಬಳಿಯುವವನು. ನಲವತ್ತಾರು ಜನ ಕೆಲಸ ಮಾಡುತ್ತಿದ್ದ ಆ ಶೆಡ್ಡಿನಲ್ಲಿ ಎಸಿ ಇದ್ದದ್ದು ಮ್ಯಾನೇಜರರ ಕೋಣೆಗೂ ನನ್ನ ಕೋಣೆಗೂ ಮಾತ್ರ. ಎಸಿ ನನಗೆಂದು ಹಾಕಿಸಿದ್ದಲ್ಲ, ಅಳತೆಯ ಉಪಕರಣಗಳಿಗೆ ಸೆಖೆಯಾಗಬಾರದೆಂದು ಹಾಕಿಸಿದ್ದು. ಆದರೂ ನಾಲ್ಕಾರು ವರ್ಷ ಅದರಡಿ ಕೂತ ಮೇಲೆ ಅದು ನನ್ನ ಯೋಗ್ಯತೆಗೆ ಸಂದ ಗಾಳಿ ಎಂದು ನಾನು ನಂಬಿಬಿಟ್ಟಿದ್ದೆ.

ಕಾರ್ಖಾನೆಯ ಕನ್ನಡ ಸಂಘದವರು ಕ್ಯಾಂಟೀನಿನ ಬಾಗಿಲ ಬಳಿ ಒಂದು ಬೋರ್ಡು ಹಾಕಿದ್ದರು. ಹುಟ್ಟುಹಬ್ಬದ ಶುಭಾಶಯ, ಕಳೆದುಹೋದ ಟಿಫಿನ್ ಡಬ್ಬಿ, ಪಕ್ಕದ ಬಾಗಲಗುಂಟೆಯಲ್ಲಿ ಖಾಲಿ ಇರುವ ಬಾಡಿಗೆ ಮನೆ, ಎಲ್ಲವೂ ಅಲ್ಲಿರುತ್ತಿದ್ದವು. ಒಂದು ನವೆಂಬರಿನಲ್ಲಿ ಸಂಘದವರು, "ಸಾರ್, ನೀವು ಏನಾದ್ರೂ ಬರೀರಿ, ಪ್ರತಿ ಸೋಮವಾರ ಒಂದು ಹಾಳೆ" ಎಂದರು. ಇದಕ್ಕಾಗಿಯೇ ಕಾದಿದ್ದವನಂತೆ ನಾನು ಒಪ್ಪಿಕೊಂಡೆ. ನನ್ನೊಳಗೆ ಒಬ್ಬ ದೊಡ್ಡ ವಿಜ್ಞಾನ ಕಥೆಗಾರ ಇದ್ದಾನೆಂದು ನನಗೆ ಬಹಳ ದಿನಗಳಿಂದ ಅನುಮಾನವಿತ್ತು. ಹೆಂಡತಿಗೆ ಹೇಳಿದ್ದೆ. ಅವಳು, "ಇರ್ಲಿ ಬಿಡಿ, ತೊಂದ್ರೆ ಕೊಡದಿದ್ರೆ ಸಾಕು" ಎಂದಿದ್ದಳು.

ನನ್ನ ಕಥೆಯ ಅಂತರಿಕ್ಷ ನಿಲ್ದಾಣದ ಹೆಸರು 'ಆಸರೆ'. ಭೂಮಿಯಿಂದ ಲೆಕ್ಕವಿಲ್ಲದಷ್ಟು ದೂರದಲ್ಲಿ ತೇಲುತ್ತಿದ್ದ ದೊಡ್ಡ ತಟ್ಟೆ. ಅದರಲ್ಲಿ ಇನ್ನೂರ ಹನ್ನೊಂದು ಜನ. ಅವರ ಮುಖ್ಯಸ್ಥೆ ಇಂದುಮತಿ, ಗಂಭೀರ ಹೆಂಗಸು. ಮೊದಲ ಕಂತಿನ ಎರಡನೇ ಸಾಲಿನಲ್ಲೇ 'ಆಸರೆಯ ವ್ಯಾಸ ೪೫೦೦೦' ಎಂದು ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ನಲವತ್ತೈದು ಸಾವಿರ ಮೀಟರು, ಅಂದರೆ ಪೀಣ್ಯದಿಂದ ಹೊರಟರೆ ನೆಲಮಂಗಲ ದಾಟಿ ಇನ್ನೂ ಬಹಳ ದೂರ ಹೋಗಬೇಕು. ಅಂಥ ಸಂಖ್ಯೆಯ ಗತ್ತಿಗೆ ಮೀಟರ್ ಎಂಬ ಬಾಲ ಬೇಡ ಅನ್ನಿಸಿ ಅಷ್ಟಕ್ಕೇ ಬಿಟ್ಟೆ.

ಪೀಣ್ಯದಲ್ಲಿ ಇದ್ದುಕೊಂಡು ಹಾಗೆ ಬಿಡಬಾರದಿತ್ತು. ಯಂತ್ರದ ಡ್ರಾಯಿಂಗುಗಳ ಮೂಲೆಯಲ್ಲಿ ಒಂದು ಸೂಚನೆ ಇರುತ್ತದೆ, ಬೇರೆ ಹೇಳದಿದ್ದರೆ ಎಲ್ಲ ಅಳತೆಯೂ ಮಿಲಿಮೀಟರು ಎಂದು. ವರ್ಷಗಟ್ಟಲೆ ಅದನ್ನು ಓದಿದವರ ತಲೆಯಲ್ಲಿ ಬೇರೆ ಅಳತೆಯೇ ಉಳಿಯುವುದಿಲ್ಲ. ನಮ್ಮ ಲೇತ್ ಆಪರೇಟರ್ ಒಬ್ಬ ಹೆಣ್ಣು ನೋಡಿ ಬಂದಾಗ, "ಹುಡುಗಿ ಎತ್ತರ ಹೇಗಿದ್ದಾಳೋ?" ಎಂದು ಕೇಳಿದರೆ, "ಸಾವಿರದ ಐನೂರ ಎಂಬತ್ತು ಇರಬಹುದು ಮಗಾ" ಎಂದಿದ್ದ. ಯಾರೂ ನಗಲಿಲ್ಲ. ಇನ್ನೊಬ್ಬ, ಜೋಡಿ ಚೆನ್ನಾಗಿರುತ್ತೆ ಎಂದ. ಇಂಥವರು ನನ್ನ ಓದುಗರು ಎಂಬುದನ್ನು ನಾನು ಮರೆತಿದ್ದೆ.

ಕಥೆ ಓಡಿತು. ಸೋಮವಾರ ಬೆಳಗಿನ ಚಹಾ ಹೊತ್ತಿಗೆ ಬೋರ್ಡಿನ ಮುಂದೆ ಏಳೆಂಟು ಜನ ನಿಂತಿರುತ್ತಿದ್ದರು. ಹಿಂದೆ ನಿಂತವರಿಗೆ ಮುಂದಿನವರು ಜೋರಾಗಿ ಓದಿ ಹೇಳುತ್ತಿದ್ದರು. ಅವರೊಳಗೆ ಶರಣಪ್ಪ ಎಂಬವರು ಎಲ್ಲರೂ ಹೋದ ಮೇಲೆ ಇನ್ನೊಮ್ಮೆ ಬಂದು, ಸಾಲಿನ ಮೇಲೆ ಬೆರಳಿಟ್ಟುಕೊಂಡು ಮೊದಲಿಂದ ಓದುತ್ತಿದ್ದರು. ಲೋಹವನ್ನು ಉಜ್ಜಿ ನುಣುಪು ಮಾಡುವ ಗ್ರೈಂಡಿಂಗ್ ಯಂತ್ರದ ಮೇಲಿದ್ದವರು, ಕೊಪ್ಪಳದ ಕಡೆಯಿಂದ ಬಂದು ಒಂದು ವರ್ಷವಾಗಿತ್ತು. ನಲವತ್ತರ ಆಸುಪಾಸು. ಬಾಗಲಗುಂಟೆಯಲ್ಲಿ ಊರಿನ ನಾಲ್ವರ ಜೊತೆ ಒಂದು ಕೋಣೆಯಲ್ಲಿದ್ದರು. ಮಾತು ಕಡಿಮೆ. ಅವರು ಕಳಿಸಿದ ಮಾಲಿಗೆ ನಾನು ಕೆಂಪು ಬಣ್ಣ ಬಳಿದದ್ದು ಒಂದೋ ಎರಡೋ ಬಾರಿ ಇರಬಹುದು.

ಆ ಚಳಿಗಾಲದಲ್ಲೇ ಕೆಲಸ ಇಳಿಯತೊಡಗಿತು. ಎಲ್ಲೋ ದೂರದೇಶದಲ್ಲಿ ಬ್ಯಾಂಕುಗಳು ಮುಳುಗಿದವು ಎಂದು ಪೇಪರಿನಲ್ಲಿ ಓದಿ ನಾವು ಪುಟ ತಿರುಗಿಸಿದ್ದೆವು. ಎರಡು ತಿಂಗಳಲ್ಲಿ ನಮ್ಮ ಶೆಡ್ಡಿಗೆ ಬರುತ್ತಿದ್ದ ಲಾರಿಗಳು ಅರ್ಧಕ್ಕೆ ಇಳಿದವು. ಒಂದು ಸೋಮವಾರ ಬೆಳಗ್ಗೆಯೇ ಮ್ಯಾನೇಜರ್ ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಯಂತ್ರಭಾಗಗಳ ಡ್ರಾಯಿಂಗ್ ಬರೆಯುತ್ತ ಮೇಲೆ ಬಂದವರು. ಮುಖ ನೋಡದೆ ಮಾತಾಡಿದರು.

"ಮೂರು ಹೆಸರು ಬೇಕು ಕಣ್ರೀ. ಶನಿವಾರ ಸಂಜೆ ಒಳಗೆ. ಫ್ಲೋರ್ ಮೇಲೆ ಯಾರು ಎಕ್ಸ್‌ಟ್ರಾ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಎಲ್ಲರ ಮಾಲೂ ನಿಮ್ಮ ಕೈಯಲ್ಲೇ ಹೋಗೋದು."

ನಿಜ ಹೇಳುತ್ತೇನೆ, ಮೊದಲು ನನಗಾದದ್ದು ದುಃಖವಲ್ಲ, ಒಂದು ಬಗೆಯ ಹೆಮ್ಮೆ. ಕೇಳಬೇಕಾದವನನ್ನೇ ಕೇಳಿದ್ದಾರೆ ಅನ್ನಿಸಿತು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ನನ್ನ ಕೋಣೆಗೆ ಬಂದವನೇ ಮೂರು ಹೆಸರು ಬರೆದುಬಿಟ್ಟೆ. ಐದು ನಿಮಿಷವೂ ಹಿಡಿಯಲಿಲ್ಲ. ಡ್ರಿಲ್ಲಿಂಗಿನ ಪುಟ್ಟಸ್ವಾಮಿ, ಏಕೆಂದರೆ ಕಿವಿ ಮಂದ, ಹೇಳಿದ್ದನ್ನು ಎರಡು ಸಲ ಹೇಳಬೇಕು. ಕ್ಯಾಂಟೀನಿನ ಲಕ್ಷ್ಮಮ್ಮ, ಏಕೆಂದರೆ ಊಟವನ್ನು ಹೊರಗಿನಿಂದಲೂ ತರಿಸಬಹುದು. ಮೂರನೆಯವರು ಶರಣಪ್ಪ, ಏಕೆಂದರೆ ಎಲ್ಲರಿಗಿಂತ ಕೊನೆಯಲ್ಲಿ ಸೇರಿದವರು. ಬರೆದ ಮೇಲೆ ಏನೋ ಒಂದು ಭಾರ ಉಳಿಯಿತು. ಅದನ್ನು ನಾನು ಕಥೆಗೆ ಸಾಗಿಸಿದೆ. ಅದೇ ಬೆಳಗ್ಗೆ ಬರೆದ ಏಳನೇ ಕಂತಿನಲ್ಲಿ ಆಸರೆಯ ಗಾಳಿ ಸಾಲದಾಯಿತು. ಹನ್ನೊಂದು ಜನ ಹೊರಗೆ ಹೋಗಲೇಬೇಕು ಎಂದು ಇಂದುಮತಿ ಭಾರವಾದ ಹೃದಯದಿಂದ ತೀರ್ಮಾನಿಸಿದಳು. ಅವಳ ಹೃದಯ ಭಾರವಾಗಿದ್ದರಿಂದ ನನ್ನದು ಸ್ವಲ್ಪ ಹಗುರಾಯಿತು.

ಮಾರನೆಯ ದಿನ ಊಟದ ಹೊತ್ತಿಗೆ ಶರಣಪ್ಪ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಆ ದಿನದ ಕೆಲಸ ಬರೆದ ಜಾಬ್ ಕಾರ್ಡು, ಅದರ ಹಿಂಬದಿಯಲ್ಲಿ ಪೆನ್ಸಿಲಿನ ಲೆಕ್ಕ.

"ಸಾಹೇಬ್ರ, ನಿಮ್ಮ ಆಸರೆ ಎಷ್ಟು ದೊಡ್ಡದೈತ್ರಿ?"

"ಬರೆದಿದ್ದೀನಲ್ಲ ಶರಣಪ್ಪ. ನಲವತ್ತೈದು ಸಾವಿರ."

"ಅದು ಓದೀನ್ರಿ. ನಲವತ್ತೈದು ಮೀಟರ್ ಆತು. ನಮ್ಮ ಶೆಡ್ ನಲವತ್ತೆಂಟು ಐತಿ. ಮೂರನೇ ಕಂತಿನ್ಯಾಗ ಇಂದುಮತಿಯಮ್ಮ ಈ ತುದಿಯಿಂದ ಆ ತುದಿಗೆ ಹೋಗಾಕ ಮೂರು ದಿನ ತಗೊಂಡ್ಳು ಅಂತ ಬರದೀರಿ. ಕಾಲಿಗೆ ಏನರ ಪೆಟ್ಟಾಗಿತ್ತೇನ್ರಿ?"

ಏಳು ವಾರ! ಏಳು ವಾರದಿಂದ ಇಡೀ ಕಾರ್ಖಾನೆ ನನ್ನ ಭವ್ಯ ನಿಲ್ದಾಣವನ್ನು ನಮ್ಮ ಶೆಡ್ಡಿಗಿಂತ ಮೂರು ಮೀಟರ್ ಚಿಕ್ಕದು ಎಂದು ತಿಳಿದು ಓದುತ್ತಿತ್ತು. ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ. ಕ್ಯಾಂಟೀನಿಗೆ ಹೋಗಿ ವಿಚಾರಿಸಿದರೆ, ಅವರು ಆಸರೆಯನ್ನು ನಮ್ಮ ಶೆಡ್ಡಿನೊಳಗೇ ಕಟ್ಟಿಕೊಂಡಿದ್ದರು. ಎಂಜಿನ್ ಕೋಣೆ ಅಂದರೆ ಕಂಪ್ರೆಸರ್ ಇಟ್ಟ ಜಾಗ. ನಕ್ಷತ್ರ ನೋಡುವ ಕಿಟಕಿ ಅಂದರೆ ಗಾಜು ಒಡೆದ ಹಿಂದಿನ ವೆಂಟಿಲೇಟರ್. ಲಕ್ಷ್ಮಮ್ಮ ಸಾರಿನ ಸೌಟು ಹಿಡಿದುಕೊಂಡೇ, "ಇಂದುಮತಿ ಕೂತ್ಕಳೋದು ನಿಮ್ ಕೋಣೇಲೇ ಅಲ್ವಾ ಸಾ? ಅಲ್ಲೊಂದೇ ತಾನೆ ತಣ್ಣಗಿರೋದು?" ಎಂದರು. ಈ ಲಕ್ಷ್ಮಮ್ಮ ಬಾಗಲಗುಂಟೆಯ ಹಳೆಯ ಮನೆತನದವರು. ಈಗ ಬಸ್ಸು ತಿರುಗುವ ಜಾಗದಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ.

"ಅಯ್ಯೋ, ಮೀಟರ್ ಕಣ್ರೀ ಅದು! ನಲವತ್ತೈದು ಕಿಲೋಮೀಟರ್!" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಆಶ್ಚರ್ಯದ ಉದ್ಗಾರ ಬರುತ್ತದೆಂದು ಕಾದೆ. ಬರಲಿಲ್ಲ. ನನ್ನ ಹಿಂದೆಯೇ ಬಂದಿದ್ದ ಶರಣಪ್ಪ ಜಾಬ್ ಕಾರ್ಡು ನೋಡಿಕೊಂಡು ತಲೆಯಾಡಿಸಿದರು.

"ಅಷ್ಟು ದೊಡ್ಡದಿರಾಕ ಸಾಧ್ಯ ಇಲ್ರಿ."

"ಬರೆದವನು ನಾನು!"

"ಹೌದ್ರಿ. ಆದ್ರ ಡ್ರಾಯಿಂಗಿನ್ಯಾಗ ಏನರ ಇರಲಿ, ಪೀಸ್ ಅಳದು ನೋಡ್ರಿ ಅಂತ ದಿನಾ ಹೇಳೋರೂ ನೀವ. ಎರಡನೇ ಕಂತಿನ್ಯಾಗ ಊಟದ ಗಂಟಿ ಹೊಡದ್ರ ಎಲ್ಲಾರಿಗೂ ಕೇಳ್ತು ಅಂದೀರಿ. ನಲವತ್ತೈದು ಕಿಲೋಮೀಟರ್ ಕೇಳೋ ಗಂಟಿ ಯಾವುದ್ರಿ? ನಾಕನೇದರಾಗ ಇಂದುಮತಿಯಮ್ಮ ಹಾಲಿಟ್ಟು ಕೂಗಿದ್ರ, ಆ ತುದಿಯಾಗ ಆಡಾಕ ಹತ್ತಿದ್ದ ಹುಡುಗಿ ಹಾಲು ಉಕ್ಕೋದ್ರಾಗ ಓಡಿ ಬಂದ್ಳು."

ಬರೆದವನಿಗೆ ತಾನು ಬರೆದದ್ದು ನೆನಪಿಲ್ಲದಿರುವುದು, ಓದಿದವರಿಗೆ ಅದು ಕಂತಿನ ಸಂಖ್ಯೆ ಸಮೇತ ನೆನಪಿರುವುದು, ಇದಕ್ಕಿಂತ ದೊಡ್ಡ ಸೋಲೂ ಇಲ್ಲ, ಇದಕ್ಕಿಂತ ದೊಡ್ಡ ಸಂಭಾವನೆಯೂ ಇಲ್ಲ. ಆ ಹೊತ್ತಿಗೆ ನನಗೆ ಕಂಡದ್ದು ಸೋಲು ಮಾತ್ರ. ಹಾಗಾದರೆ ನೀವೇ ಅಳೆದು ಹೇಳಿ ಎಂದೆ, ಸ್ವಲ್ಪ ಸಿಡುಕಿನಿಂದಲೇ.

ಅವರು ಅಳೆದೇಬಿಟ್ಟರು. ಬುಧವಾರದ ಊಟದ ವಿರಾಮ ಪೂರ್ತಿ ಅದಕ್ಕೆ ಹೋಯಿತು. ಒಂದು ಲೀಟರ್ ಹಾಲು ಉಕ್ಕಲು ಎಷ್ಟು ಹೊತ್ತು ಎಂದು ಲಕ್ಷ್ಮಮ್ಮನನ್ನು ಕೇಳಿದರು. ಅವರು ಒಲೆಯ ಮುಂದೆ ನಿಂತು, "ಐದು ನಿಮಿಸ. ಗ್ಯಾಸು ಕಮ್ಮಿ ಇದ್ರೆ ಇನ್ನೊಂದ್ ಚೂರು" ಎಂದರು. ನಮ್ಮ ಲೇತ್ ಆಪರೇಟರ್ ಮಗುವಿನ ಪುಟ್ಟ ಹೆಜ್ಜೆಗಳಲ್ಲಿ ಶೆಡ್ಡಿನ ಉದ್ದಕ್ಕೂ ಓಡಿದ. ನಲವತ್ತೆಂಟು ಮೀಟರಿಗೆ ಹದಿನಾರು ಸೆಕೆಂಡು. ಹಾಗಾದರೆ ಐದು ನಿಮಿಷಕ್ಕೆ ಒಂಬೈನೂರು ಮೀಟರ್. ಮಗು ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತದೆ, ಚಪ್ಪಲಿ ಕಳಚಿಕೊಳ್ಳುತ್ತದೆ ಎಂದು ಮೂರನೇ ಒಂದು ಪಾಲು ಕಳೆದರು. ಆರುನೂರು ಉಳಿಯಿತು. ಆಮೇಲೆ ಗಂಟೆ. ತಿರಸ್ಕರಿಸಿದ ಒಂದು ದೊಡ್ಡ ಗೇರ್ ಚಕ್ರವನ್ನು ಗೇಟಿಗೆ ತೂಗುಹಾಕಿ ಪುಟ್ಟಸ್ವಾಮಿ ಕಬ್ಬಿಣದ ಸರಳಿನಿಂದ ಬಾರಿಸಿದರು. ಕಿವಿ ಮಂದವಾದ್ದರಿಂದ ಅವರಿಗೆ ಅದು ಜೋರು ಅನ್ನಿಸಲಿಲ್ಲ, ಇನ್ನೂ ಬಲವಾಗಿ ಬಾರಿಸಿದರು. ಶರಣಪ್ಪ ರಸ್ತೆಯಲ್ಲಿ ಹೆಜ್ಜೆ ಎಣಿಸುತ್ತ ಹೋಗಿ, ಕೇಳಿಸದಾದ ಜಾಗದಿಂದ ವಾಪಸು ಬಂದರು. ತಿರುವಿನ ಚಹಾ ಅಂಗಡಿಯವರೆಗೆ, ನಾನೂರು ಮೀಟರ್. ಅಂತರಿಕ್ಷದಲ್ಲಿ ಲಾರಿ, ಬಸ್ಸುಗಳ ಸದ್ದಿಲ್ಲ ಎಂದು ನೂರು ಸೇರಿಸಿ ಐನೂರು ಎಂದರು. ಮ್ಯಾನೇಜರ್ ಹೊರಗೆ ಓಡಿ ಬಂದು, "ಏನ್ರೀ ಇದು, ಬೆಂಕಿ ಬಿತ್ತಾ?" ಎಂದು ಕೇಳಿದಾಗ, "ಇಲ್ಲ ಸಾರ್, ಅಂತರಿಕ್ಷ ನಿಲ್ದಾಣದ ಅಳತೆ" ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರು. ಅವರು ತೂಗುತ್ತಿದ್ದ ಚಕ್ರವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಒಳಗೆ ಹೋದರು.

ಐನೂರು, ಆರುನೂರು. ನಡುವೆ ಐನೂರೈವತ್ತು ಮೀಟರು ಎಂದು ಸಭೆ ತೀರ್ಮಾನಿಸಿತು. ನಲವತ್ತೈದು ಕಿಲೋಮೀಟರಿನ ಒಡೆಯನಾಗಿದ್ದ ನಾನು ಅರ್ಧ ಕಿಲೋಮೀಟರಿಗೆ ಇಳಿದೆ.

"ಹಾಗಾದರೆ ಮೂರು ದಿನದ ನಡಿಗೆ?" ಎಂದು ಕೇಳಿದೆ. ನನಗೆ ಉಳಿದಿದ್ದ ಒಂದೇ ಆಸರೆ ಅದು.

"ಅದು ಸರಿ ಐತ್ರಿ," ಎಂದರು ಶರಣಪ್ಪ. "ರಾತ್ರಿ ವಿಚಾರ ಮಾಡಿದೆ. ಸುಮ್ಮನ ನಡದ್ರ ಹತ್ತು ನಿಮಿಷ. ಆದ್ರ ಆಯಮ್ಮ ಎಲ್ಲಾರನ್ನೂ ಮಾತಾಡಿಸ್ಕೋತ ಹೋಗಿರಬೇಕ್ರಿ. ಇನ್ನೂರ ಹನ್ನೊಂದು ಮಂದಿ. ದಿನಕ್ಕ ಎಪ್ಪತ್ತು ಮಂದಿ ಅಂದ್ರ ಮೂರು ದಿನ ಬೇಕ ಬೇಕು. ಹಿರೇತನ ಮಾಡೋರು ಮತ್ತ ಹೆಂಗ ನಡೀತಾರ್ರಿ?"

ನಾನು ಇಂದುಮತಿಯನ್ನು ಮೂರು ದಿನ ನಡೆಸಿದ್ದು ನಿಲ್ದಾಣ ದೊಡ್ಡದೆಂದು ತೋರಿಸಲು. ದಾರಿಯಲ್ಲಿ ಅವಳು ಯಾರನ್ನೂ ಮಾತಾಡಿಸಿರಲಿಲ್ಲ. ಅದನ್ನು ಹೇಳಲು ನಾಚಿಕೆಯಾಗಿ ಹೌದೆಂದು ತಲೆಯಾಡಿಸಿದೆ.

ಜನ ಯಂತ್ರಗಳಿಗೆ ಹಿಂದಿರುಗಿದರು. ಶರಣಪ್ಪ ಹೋಗಲಿಲ್ಲ. ಕಾರ್ಡು ಮಡಚಿ ಜೇಬಿಗಿಟ್ಟುಕೊಂಡು ಕೇಳಿದರು.

"ಈಗ ಹೇಳ್ರಿ. ಇಷ್ಟು ದೊಡ್ಡ ಮನಿಯಾಗ ಹನ್ನೊಂದು ಮಂದಿಗೆ ಜಾಗ ಇಲ್ಲೇನ್ರಿ? ನಮ್ಮ ಖೋಲಿ ಹತ್ತು ಫೂಟು ಹನ್ನೆರಡು ಫೂಟು. ಐದು ಮಂದಿ ಮಕ್ಕೊತೀವಿ. ಆ ಲೆಕ್ಕ ಹಿಡದ್ರ, ಆಸರೆ ನಲವತ್ತೈದು ಮೀಟರ್ ಅಂತನ ಇಟ್ಕೊಂಡ್ರೂ ಏಳುನೂರು ಮಂದಿ ಹಿಡಸ್ತಾರ."

"ಜಾಗದ ಪ್ರಶ್ನೆ ಅಲ್ಲ ಶರಣಪ್ಪ. ಗಾಳಿ ಸಾಲಲ್ಲ."

"ಗಾಳಿ ಇರೋದು ಜಾಗದಾಗ ಅಲ್ರೀ? ಮನಿ ಎಷ್ಟು ದೊಡ್ಡದು ಅಂತ ನಿಮಗ ಗೊತ್ತಿರಲಿಲ್ಲ. ಮತ್ತ ಗಾಳಿ ಕಡಿಮಿ ಐತಿ ಅಂತ ಹೆಂಗ ಗೊತ್ತಾತು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಬಿಡಿಭಾಗದ ಅಳತೆಯ ಬಗ್ಗೆ ಕೇಳುವಾಗ ಇರುವ ದನಿಯೇ ಅದು. ಕೇಳಿ, ಉತ್ತರಕ್ಕೆ ಕಾಯದೆ ಗ್ರೈಂಡಿಂಗ್ ಯಂತ್ರದ ಕಡೆ ಹೋದರು. ನಾನು ಎಸಿ ಕೋಣೆಗೆ ಬಂದು, ಮೇಜಿನ ಖಾನೆಯಲ್ಲಿ ಇಟ್ಟಿದ್ದ ಪಟ್ಟಿಯನ್ನು ತೆಗೆದು ನೋಡಿದೆ. ಮೂರು ಹೆಸರು ಹಾಗೇ ಇದ್ದವು. ಈ ಶೆಡ್ಡಿನಲ್ಲಿ ಕೆಲಸ ಎಷ್ಟಿದೆ, ಕೈಗಳು ಎಷ್ಟಿವೆ ಎಂದು ನಾನು ಯಾವತ್ತಾದರೂ ಅಳೆದಿದ್ದೆನೇ? ಒಂದು ಕೂದಲೆಳೆಯ ದಪ್ಪ ಹೆಚ್ಚುಕಡಿಮೆಯಾದರೆ ಕೆಂಪು ಬಣ್ಣ ಬಳಿಯುವ ನಾನು, ಮೂರು ಮನೆಗಳ ಒಲೆ ಆರಿಸುವ ಪಟ್ಟಿಯನ್ನು ಅಳತೆಯೇ ಇಲ್ಲದೆ ಬರೆದಿದ್ದೆ. ನನಗೆ ಭಯವಾಯಿತು. ಬೇರೆ ಯಾರನ್ನೋ ಕಂಡಲ್ಲ, ನನ್ನನ್ನೇ ಕಂಡು.

ಗುರುವಾರದಿಂದ ನಾನು ಇಂದುಮತಿಯಾದೆ. ಊಟದ ವಿರಾಮದಲ್ಲಿ, ಚಹಾದ ಹೊತ್ತಿನಲ್ಲಿ, ಯಂತ್ರ ಸೆಟ್ಟಿಂಗಿಗೆ ನಿಂತಾಗ, ಒಬ್ಬೊಬ್ಬರ ಬಳಿ ಹೋಗಿ ನಿಂತೆ. ಮೊದಮೊದಲು ಅವರು ಹೆದರಿದರು. ನಾನು ನನ್ನ ಕೋಣೆಯಿಂದ ಹೊರಗೆ ಬಂದರೆ ಏನೋ ರಿಜೆಕ್ಟ್ ಆಗಿದೆ ಎಂದೇ ಅರ್ಥವಿತ್ತು. "ಏನಾಯ್ತು ಸಾರ್, ನಂದೇನಾದ್ರೂ ಸೈಜು ಹೋಯ್ತಾ?" ಎನ್ನುತ್ತಿದ್ದರು. ಇಲ್ಲ, ಸುಮ್ಮನೆ ಬಂದೆ ಎಂದರೆ ಇನ್ನಷ್ಟು ಹೆದರುತ್ತಿದ್ದರು. ಆದರೆ ಜನ ಮಾತಿಗೆ ಎಷ್ಟು ಬೇಗ ತೆರೆದುಕೊಳ್ಳುತ್ತಾರೆ ನೋಡಿ. ಹತ್ತು ನಿಮಿಷ ನಿಂತರೆ ಸಾಕಾಗುತ್ತಿತ್ತು. ಪುಟ್ಟಸ್ವಾಮಿ ಹಿಂದೆ ಬೇರೆ ಕಡೆ ಆರು ವರ್ಷ ಗ್ರೈಂಡಿಂಗ್ ಮಾಡಿದ್ದರು, ಅವರ ಕಿವಿ ಹೋದದ್ದೂ ಆ ಸದ್ದಿನಿಂದಲೇ. ನಮ್ಮಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಾವು ಪ್ರತಿ ವಾರ ಎರಡು ಆಟೋ ತುಂಬ ಮಾಲನ್ನು ಗ್ರೈಂಡಿಂಗಿಗೆ ಹೊರಗೆ ಕಳಿಸುತ್ತಿದ್ದೆವು. ಮೂಲೆಯಲ್ಲಿ ಒಂದು ಹಳೆಯ ಗ್ರೈಂಡಿಂಗ್ ಯಂತ್ರ ಗೋಣಿ ಹೊದ್ದು ಕೂತಿತ್ತು, ಅದನ್ನು ರಿಪೇರಿ ಮಾಡಬಲ್ಲೆ ಎಂದು ಶರಣಪ್ಪ ಹೇಳಿದರು. ಲಕ್ಷ್ಮಮ್ಮ ಊಟ ಮುಗಿದ ಮೇಲೆ ಮಧ್ಯಾಹ್ನವೆಲ್ಲ ಸುಮ್ಮನೆ ಕೂರುತ್ತಿದ್ದರು. "ಪ್ಯಾಕಿಂಗ್ ಮಾಡ್ಕೊಡ್ತೀನಿ ಅಂತ ಯೋಳಿದ್ದೆ ಸಾ ಓದೊರ್ಸ. ಯಾರೂ ಕಿವಿಗಾಕಳ್ಳಿಲ್ಲ" ಎಂದರು. ಪ್ಯಾಕಿಂಗೂ ಹೊರಗೇ ಹೋಗುತ್ತಿತ್ತು.

ಅಷ್ಟೂ ಜನರನ್ನು ಮಾತಾಡಿಸಲು ನನಗೆ ಸರಿಯಾಗಿ ಮೂರು ದಿನ ಹಿಡಿಯಿತು.

ಶನಿವಾರ ಸಂಜೆ ಮ್ಯಾನೇಜರರ ಮೇಜಿನ ಮೇಲೆ ನಾನು ನಾಲ್ಕು ಹಾಳೆ ಇಟ್ಟೆ. ಎಲ್ಲರ ಹೆಸರು, ಯಾರು ಏನೇನು ಬಲ್ಲರು, ಹೊರಗೆ ಹೋಗುವ ಯಾವ ಕೆಲಸವನ್ನು ಒಳಗೆ ಯಾರು ಮಾಡಬಹುದು, ಎಲ್ಲವೂ ಅದರಲ್ಲಿತ್ತು. ಅದೂ ಸಾಲದಿದ್ದರೆ ಎಲ್ಲರೂ ವಾರಕ್ಕೆ ಒಂದು ದಿನ ಮನೆಯಲ್ಲಿರಲು ಒಪ್ಪಿದ್ದಾರೆ ಎಂದು ಕೊನೆಯಲ್ಲಿ ಬರೆದಿದ್ದೆ. ಅವರು ಬಹಳ ಹೊತ್ತು ಓದಿದರು.

"ನಾನು ಕೇಳಿದ್ದು ಮೂರು ಹೆಸರು. ನೀವು ನಲವತ್ತಾರು ತಂದಿದ್ದೀರಲ್ರೀ?"

"ಹೌದು ಸಾರ್."

"ನಲವತ್ತಾರನೇದು ನನ್ನ ಹೆಸರು."

"ಹೌದು ಸಾರ್. ನಿಮಗೆ ಡ್ರಾಯಿಂಗ್ ಬರುತ್ತೆ. ನಾವು ಹೊರಗೆ ಮಾಡಿಸ್ತಾ ಇದ್ದೀವಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ.

"ಮೂರು ತಿಂಗಳು ನೋಡೋಣ," ಎಂದರು. "ಆಮೇಲೂ ಆಗ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇರಲ್ಲ."

ಮೂರು ತಿಂಗಳು ಸುಲಭವಾಗಿರಲಿಲ್ಲ. ವಾರಕ್ಕೊಂದು ದಿನದ ಕೊರತೆ ಎಲ್ಲ ಮನೆಗಳಲ್ಲೂ ಕಾಣಿಸಿತು, ನನ್ನ ಮನೆಯಲ್ಲೂ. ಹಳೆಯ ಯಂತ್ರ ಎರಡು ಸಲ ಕೈಕೊಟ್ಟಿತು. ಲಕ್ಷ್ಮಮ್ಮ ಮೊದಲ ವಾರ ಪ್ಯಾಕ್ ಮಾಡಿದ ಪೆಟ್ಟಿಗೆಗಳಲ್ಲಿ ಒಂದರ ಮಾಲು ಇನ್ನೊಂದಕ್ಕೆ ಹೋಗಿ ಗ್ರಾಹಕರಿಂದ ಫೋನ್ ಬಂತು. ಆದರೆ ನಾಲ್ಕನೇ ತಿಂಗಳಲ್ಲಿ ಲಾರಿಗಳು ಒಂದೊಂದಾಗಿ ಮರಳಿದವು. ಯಾರೂ ಹೊರಗೆ ಹೋಗಲಿಲ್ಲ. ಎಂಟನೇ ಕಂತಿನಲ್ಲಿ ಇಂದುಮತಿಯೂ ಮತ್ತೊಮ್ಮೆ ಮೂರು ದಿನ ನಡೆದಳು, ಈ ಬಾರಿ ಎಲ್ಲರನ್ನೂ ಮಾತಾಡಿಸುತ್ತ. ಗಾಳಿಯನ್ನು ಶುದ್ಧ ಮಾಡಬಲ್ಲ ಒಬ್ಬ ಮುದುಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಕೂತಿದ್ದ ಎಂಬುದು ಆಗ ಗೊತ್ತಾಯಿತು. ಕಥೆ ಸಪ್ಪೆಯಾಯಿತು ಎಂದು ನಮ್ಮ ಲೇತ್ ಆಪರೇಟರ್ ನೇರವಾಗಿ ಹೇಳಿದ. "ಒಬ್ಬನಾದ್ರೂ ಸಾಯ್ಬೇಕಿತ್ತು ಸಾರ್" ಎಂದ. ಸಾಹಿತಿಯಾಗಿ ನಾನು ಮುಗಿದೆ ಎಂದು ಅಂದೇ ತಿಳಿಯಿತು. ಬೇಸರವಾಗಲಿಲ್ಲ.

ಆಮೇಲೆ ಕಾರ್ಖಾನೆ ದೂರಕ್ಕೆ ಸ್ಥಳಾಂತರವಾಯಿತು. ನಾನು ಬೇರೆ ಕೆಲಸಕ್ಕೆ ಹೋದೆ. ಶರಣಪ್ಪ ಪೀಣ್ಯದಲ್ಲೇ ಎರಡು ಗ್ರೈಂಡಿಂಗ್ ಯಂತ್ರ ಇಟ್ಟುಕೊಂಡು ಸ್ವಂತ ಶುರು ಮಾಡಿದ್ದಾರೆಂದು ಕೇಳಿದ್ದೆ. ಹೋಗಬೇಕು ಎಂದುಕೊಂಡೇ ವರ್ಷಗಳು ಕಳೆದವು. ಒಬ್ಬರಿಗೆ ಋಣಿಯಾಗಿದ್ದೇವೆ ಎಂದು ಗೊತ್ತಿದ್ದಾಗಲೇ ಅವರನ್ನು ಕಾಣುವುದು ನನ್ನಂಥವರಿಗೆ ಕಷ್ಟ. ಕಳೆದ ವಾರ ಮೂಗು ನನ್ನನ್ನು ರೈಲಿನಿಂದ ಇಳಿಸದಿದ್ದರೆ ಇನ್ನೂ ಹತ್ತು ವರ್ಷ ಹೋಗುತ್ತಿರಲಿಲ್ಲವೇನೋ.

ನಾಲ್ಕು ಕಡೆ ಕೇಳಿ, ಎರಡು ಕಡೆ ದಾರಿ ತಪ್ಪಿ, ಒಂದು ಓಣಿಯ ಕೊನೆಯಲ್ಲಿ ಅವರ ಶೆಡ್ಡು ಸಿಕ್ಕಿತು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿದವರೇ ಯಂತ್ರ ನಿಲ್ಲಿಸಿ, "ಬರ್ರಿ ಸಾಹೇಬ್ರ, ಬರ್ರಿ!" ಎಂದು ಸ್ಟೂಲು ಒರೆಸಿ ಹಾಕಿದರು. ಈಗ ಅವರ ಕೈಕೆಳಗೆ ನಾಲ್ವರು. ಹೆಂಡತಿ, ಮಗಳು ಬಾಗಲಗುಂಟೆಯಲ್ಲೇ ಇದ್ದಾರೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಚಹಾ ಬಂತು. ಅವರಿಗೆ ಕೃತಜ್ಞತೆ ಹೇಳಬೇಕೆಂದೇ ಬಂದಿದ್ದೆ. ಹೇಳಬೇಕಾದರೆ ಮೊದಲು ತಪ್ಪೊಪ್ಪಿಕೊಳ್ಳಬೇಕಾಗಿತ್ತು. ಆ ವರ್ಷ ಮೂರು ಹೆಸರಿನ ಪಟ್ಟಿ ಬರೆದದ್ದು, ಅದರಲ್ಲಿ ನಿಮ್ಮ ಹೆಸರೂ ಇದ್ದದ್ದು, ನೀವು ಆಸರೆಯ ಅಳತೆ ಕೇಳಿದ್ದರಿಂದ ನಾನು ಎಚ್ಚೆತ್ತದ್ದು, ಎಲ್ಲವನ್ನೂ ಹೇಳಿದೆ. ನಿಮಗೆ ಗೊತ್ತಿಲ್ಲದೆಯೇ ನೀವು ನನಗೆ ದೊಡ್ಡ ಉಪಕಾರ ಮಾಡಿದಿರಿ ಎಂದೆ.

ಶರಣಪ್ಪ ಲೋಟ ಕೆಳಗಿಟ್ಟರು.

"ಗೊತ್ತಿತ್ತಲ್ರಿ," ಎಂದರು.

"ಏನು ಗೊತ್ತಿತ್ತು?"

"ಪಟ್ಟಿ. ನೀವು ಪೆನ್ನು ಒತ್ತಿ ಬರೀತೀರಿ. ಒಂದ ಪ್ಯಾಡಿನ್ಯಾಗ ಮ್ಯಾಲಿನ ಹಾಳಿಯೊಳಗ ಪಟ್ಟಿ, ಅದರ ಕೆಳಗಿನ ಹಾಳಿಯೊಳಗ ಕಥಿ. ಆ ಸೋಮವಾರ ಬೋರ್ಡಿನ ಮುಂದ ನಿಂತು ಓದಾಕ ಹತ್ತಿದ್ದೆ. ಬೆರಳಿಗೆ ಪೆನ್ನಿನ ಒತ್ತಿನ ಗೀರು ಹತ್ತಿತು. ದಿನಾ ಗೀರು ಹುಡುಕೋ ಕೈ ಅಲ್ರೀ ಇದು? ಓರಿ ಮಾಡಿ ಬೆಳಕಿಗೆ ನೋಡಿದೆ. ಮೂರು ಹೆಸರು. ಮೂರನೇದು ನಂದು. ಕಥಿಯೊಳಗ ಮಂದೀನ ಹೊರಗ ಹಾಕಾಕ ಹತ್ತಿದ್ರಿ, ಇಲ್ಲಿ ಕೆಲಸಾನೂ ಇಳದಿತ್ತು, ತಿಳೀತು."

ತನ್ನ ಅನ್ನ ಹೋಗಲಿದೆ ಎಂದು ತಿಳಿದ ಮನುಷ್ಯ, ಮರುದಿನ ಬಂದು ಇಂದುಮತಿಯ ಕಾಲುನೋವು ವಿಚಾರಿಸಿದ್ದರು. ಗಂಟೆ ಬಾರಿಸಿ ರಸ್ತೆಯಲ್ಲಿ ಹೆಜ್ಜೆ ಎಣಿಸಿದ್ದರು.

"ಮತ್ತೆ ನನ್ನನ್ನು ನೇರವಾಗಿ ಯಾಕೆ ಕೇಳಲಿಲ್ಲ ಶರಣಪ್ಪ? ನನ್ನ ಹೆಸರು ತೆಗೀರಿ ಅಂತ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರ ನೀವು ತಗೀತಿದ್ರಿ. ಅದೂ ಗೊತ್ತಿತ್ತು ನನಗ," ಎಂದರು ಅವರು. "ನನ್ನ ಹೆಸರು ತಗದು, ಆ ಜಾಗಕ್ಕ ಇನ್ನೊಬ್ಬರದು ಬರೀತಿದ್ರಿ. ಅದಕ್ಕ ಮನಿ ಎಷ್ಟು ದೊಡ್ಡದೈತಿ ಅಂತ ಕೇಳಿದೆ."

ಆ ಮೂವರನ್ನು ಉಳಿಸಿದವನು ನಾನು ಎಂದು ಹತ್ತು ವರ್ಷ ಒಳಗೊಳಗೇ ಬೀಗುತ್ತ ಬದುಕಿದ್ದೆ. ಕೃತಜ್ಞತೆ ಹೇಳಲು ಬಂದಾಗಲೂ ಆ ಜಂಬ ಸ್ವಲ್ಪ ನನ್ನ ಜೊತೆಗೇ ಬಂದಿತ್ತು. ಈಗ ಕೂಲೆಂಟಿನಿಂದ ಒದ್ದೆಯಾಗಿದ್ದ ಅವರ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತೆ. ಚಹಾ ತಣ್ಣಗಾಗುವವರೆಗೆ ಬಿಡಲಿಲ್ಲ, ಅವರೂ ಬಿಡಿಸಿಕೊಳ್ಳಲಿಲ್ಲ.